ಗಂಜಿಯ ಊರಲ್ಲಿ ಗೋಧಿಯ ರೋಗ: ಸೀಲಿಯಾಕ್ ಮತ್ತು ಅದರ ಹಿಂದೆ ಬರುವ ಅಪರೂಪದ ಲಿಂಫೋಮಾ

ಪುತ್ತೂರು, ಸುಳ್ಯ, ಕಡಬ ಕಡೆ ಯಾರಿಗೆ ಹೊಟ್ಟೆ ಸರಿ ಇಲ್ಲದಿದ್ರೂ ಮನೆಯಲ್ಲಿ ಕೊಡುವ ಮೊದಲ ಔಷಧಿ ಒಂದೇ: ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಒಂದು ತುಂಡು ಉಪ್ಪಿನಕಾಯಿ. ಎರಡು ದಿನ ಗಂಜಿ ಕುಡಿದ್ರೆ ಹೆಚ್ಚಿನವರಿಗೆ ಕಡಿಮೆ ಆಗ್ತದೆ. ಆದರೆ ಕೆಲವೇ ಕೆಲವರಿಗೆ ಹೊಟ್ಟೆಯ ತೊಂದರೆ ತಿಂಗಳುಗಟ್ಟಲೆ ಹೋಗಿ ಬಂದು ಮಾಡ್ತಾ ಇರ್ತದೆ. ರಕ್ತ ಕಡಿಮೆ, ತೂಕ ಏರುವುದಿಲ್ಲ, ಸುಸ್ತು. ಅಂಥವರಲ್ಲಿ ಒಂದಿಬ್ಬರಿಗೆ ಇರಬಹುದಾದ ಕಾಯಿಲೆ ಸೀಲಿಯಾಕ್. ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್‌ನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ ಇದು.

ಸೀಲಿಯಾಕ್ ಅಂದ ಕೂಡಲೇ "ಅದು ಉತ್ತರ ಭಾರತದವರ ರೋಗ, ನಮಗೆಂತದಕ್ಕೆ ಮಾರಾಯ" ಅಂತ ಹೇಳುವವರು ಇದ್ದಾರೆ. ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದಿದ್ರೆ ಎಂತ ಆಗಬಹುದು ಅನ್ನೋದಕ್ಕೆ ಒಂದು ಅಪರೂಪದ ಕ್ಯಾನ್ಸರ್ ಉದಾಹರಣೆ. ಈ ಲೇಖನ ಅದರ ಬಗ್ಗೆ. ನಾವು ಮೆಡಿಕಲ್ ಓದುವವರಲ್ಲ, ಹಾಗಾಗಿ ನಮಗೆ ಗೊತ್ತಿರುವ ಹೀಟ್ ಸಿಂಕ್, ಯುಎಸ್‌ಎನ್, ಪ್ರಾಬಬಿಲಿಟಿ ಇಟ್ಕೊಂಡೇ ಅರ್ಥ ಮಾಡ್ಕೊಳ್ಳೋಣ.

ಕರುಳಿನ ಒಳಗೆ ಎಂತ ಉಂಟು?

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ಪೈಪ್. ಬರೀ ನುಣುಪಾದ ಪೈಪ್ ಆಗಿದ್ರೆ ಊಟದ ಸತ್ವ ಹೀರಿಕೊಳ್ಳಲು ಜಾಗ ಸಾಕಾಗ್ತಿರಲಿಲ್ಲ. ಬೈಕ್ ಎಂಜಿನ್ ಮೇಲೆ ಫಿನ್‌ಗಳನ್ನು ಯಾಕೆ ಇಟ್ಟಿದ್ದಾರೆ? ಸರ್ಫೇಸ್ ಏರಿಯಾ ಹೆಚ್ಚಿಸಲು. ಕರುಳಿನ ಒಳಗೂ ಹಾಗೆಯೇ, ಒಂದು ಮಿಲಿಮೀಟರ್‌ಗಿಂತ ಗಿಡ್ಡವಾದ ಲಕ್ಷಗಟ್ಟಲೆ ಬೆರಳುಗಳು. ಅವಕ್ಕೆ ವಿಲ್ಲೈ ಅಂತ ಹೆಸರು. ಅವುಗಳಿಂದಾಗಿ ಕರುಳಿನ ಒಳಮೈ ಸುಮಾರು 30 ಚದರ ಮೀಟರ್ ಆಗ್ತದೆ.

ಸೀಲಿಯಾಕ್‌ನಲ್ಲಿ ಈ ಬೆರಳುಗಳು ಸವೆದು ಚಪ್ಪಟೆಯಾಗ್ತವೆ. ಊಟ ಸರಿಯಾಗಿಯೇ ಮಾಡಿದ್ರೂ ಕಬ್ಬಿಣ, ಕ್ಯಾಲ್ಶಿಯಂ, ಫೋಲೇಟ್ ಒಳಗೆ ಹೋಗುವುದಿಲ್ಲ. ಹಾಗಾಗಿ ಈ ಕಾಯಿಲೆ ಯಾವಾಗಲೂ ಭೇದಿಯ ವೇಷದಲ್ಲೇ ಬರುವುದಿಲ್ಲ. ಮಾತ್ರೆ ತಿಂದರೂ ಏರದ ಹಿಮೋಗ್ಲೋಬಿನ್, ಮಕ್ಕಳಲ್ಲಿ ಬೆಳೆಯದ ಎತ್ತರ, ತೆಳುವಾಗುವ ಮೂಳೆ ಇಷ್ಟೇ ಕಾಣಿಸಬಹುದು.

ಗ್ಲುಟನ್ ಯಾಕೆ ಜೀರ್ಣ ಆಗಲ್ಲ?

ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ ಗ್ಲುಟನ್ ಜಾತಿಯ ಪ್ರೋಟೀನ್ ಉಂಟು. ಚಪಾತಿ ಹಿಟ್ಟು ಎಳೆದರೆ ರಬ್ಬರಿನ ಹಾಗೆ ಹಿಗ್ಗುವುದು ಇದರಿಂದಲೇ. ನಮ್ಮ ಜೀರ್ಣರಸಗಳು ಪ್ರೋಟೀನನ್ನು ಕತ್ತರಿಸುವ ಕತ್ತರಿಗಳು. ಆದರೆ ಗ್ಲುಟನ್‌ನಲ್ಲಿ ಪ್ರೋಲಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ ಇರುವುದರಿಂದ ಕೆಲವು ಕಡೆ ಕತ್ತರಿ ಓಡುವುದಿಲ್ಲ. 33 ಅಮೈನೋ ಆಮ್ಲಗಳ ಒಂದು ಉದ್ದ ತುಂಡು ಹಾಗೇ ಉಳಿದುಬಿಡ್ತದೆ ಅಂತ 2002ರಲ್ಲಿ ತೋರಿಸಿದ ತಂಡದ ಮುಖ್ಯಸ್ಥ ಸ್ಟ್ಯಾನ್‌ಫರ್ಡ್‌ನ ಚೈತನ್ ಖೋಸ್ಲಾ. ಅವರು ಐಐಟಿ ಬಾಂಬೆಯಲ್ಲಿ ಓದಿದ ಕೆಮಿಕಲ್ ಎಂಜಿನಿಯರ್! ಹಾಗಾಗಿ ಇದು ನಮ್ಮ ಸಿಲಬಸ್ ಅಲ್ಲ ಅಂತ ಯಾರೂ ಹೇಳಬೇಡಿ.

ಈ ತುಂಡುಗಳು ಎಲ್ಲರ ಕರುಳಲ್ಲೂ ಇರ್ತವೆ, ಆದರೆ ಎಲ್ಲರಿಗೂ ತೊಂದರೆ ಇಲ್ಲ. ತೊಂದರೆ ಆಗಬೇಕಾದ್ರೆ ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಅನ್ನುವ ಜೀನ್ ಇರಬೇಕು. ಕರುಳಿನ ಗೋಡೆಯಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಗ್ಲುಟನ್ ತುಂಡಿಗೆ ನೆಗೆಟಿವ್ ಚಾರ್ಜ್ ಕೊಡ್ತದೆ. ಚಾರ್ಜ್ ಆದ ತುಂಡು ಡಿಕ್ಯೂ2 ಸಾಕೆಟ್‌ಗೆ ಗಟ್ಟಿಯಾಗಿ ಕೂತುಕೊಳ್ತದೆ. ಅದನ್ನು ನೋಡಿದ ಟಿ-ಕಣಗಳು, ಅಂದ್ರೆ ಬಿಳಿ ರಕ್ತಕಣದ ಒಂದು ವಿಧ, ಶತ್ರು ಬಂದ ಅಂತ ಸೈರನ್ ಹೊಡೀತವೆ. ಶತ್ರು ಯಾರೂ ಇಲ್ಲ, ಬಂದದ್ದು ಚಪಾತಿ. ಆದರೆ ಯುದ್ಧ ನಡೆಯುವುದು ಕರುಳಿನ ಮೇಲೆ.

ಗೋಧಿಗೂ ಈ ರೋಗಕ್ಕೂ ಸಂಬಂಧ ಉಂಟು ಅಂತ ಹಿಡಿದವರು ನೆದರ್ಲೆಂಡ್ಸಿನ ಮಕ್ಕಳ ಡಾಕ್ಟರ್ ವಿಲಂ ಡಿಕೆ. ಅವರಿಗೆ 1930ರ ದಶಕದಲ್ಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಬ್ರೆಡ್ಡೇ ಸಿಗದಂಥ ಬರ ಬಂತು. ಊರೆಲ್ಲ ಸೊರಗುತ್ತಿರುವಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಕೆಡಲಿಲ್ಲ, ಬ್ರೆಡ್ ವಾಪಸ್ ಬಂದ ಮೇಲೆ ಕೆಟ್ಟರು. 1950ರಲ್ಲಿ ಡಿಕೆ ತಮ್ಮ ಪ್ರಯೋಗಗಳನ್ನು ಥೀಸಿಸ್ ಆಗಿ ಬರೆದರು. ಗೋಧಿ ಬಿಡುವುದೇ ಚಿಕಿತ್ಸೆ ಅಂತ ಅಂದು ಸಿಕ್ಕಿದ ಉತ್ತರ ಇವತ್ತಿಗೂ ಬದಲಾಗಿಲ್ಲ.

ಕಾವಲುಗಾರನೇ ಕಳ್ಳನಾದಾಗ

ಈಗ ಲಿಂಫೋಮಾ. ಇದರ ಪೂರ್ತಿ ಹೆಸರು ಎಂಟೆರೋಪತಿ ಅಸೋಸಿಯೇಟೆಡ್ ಟಿ-ಸೆಲ್ ಲಿಂಫೋಮಾ. ಎಂಟೆರೋ ಅಂದ್ರೆ ಕರುಳು. ಪತಿ ಅಂದ್ರೆ ಇಲ್ಲಿ ಗಂಡ ಅಲ್ಲ, ರೋಗ. ಕರುಳಿನ ರೋಗದ ಜೊತೆಗೆ ಬರುವ ಟಿ-ಕಣಗಳ ಕ್ಯಾನ್ಸರ್ ಅಂತ ಅರ್ಥ. ಚಿಕ್ಕದಾಗಿ ಇಎಟಿಎಲ್.

ಕರುಳಿನ ಒಳಪದರದ ಜೀವಕೋಶಗಳ ಮಧ್ಯೆ ಮಧ್ಯೆ ಕೆಲವು ಟಿ-ಕಣಗಳು ಯಾವಾಗಲೂ ಗಸ್ತು ತಿರುಗ್ತಾ ಇರ್ತವೆ. ಆರೋಗ್ಯವಂತರಲ್ಲಿ 100 ಜೀವಕೋಶಗಳಿಗೆ ಹೆಚ್ಚೆಂದರೆ 25-30. ಸೀಲಿಯಾಕ್‌ನಲ್ಲಿ ಇವುಗಳ ಸಂಖ್ಯೆ ಏರ್ತದೆ. ಗಾಯಗೊಂಡ ಒಳಪದರ ಇಂಟರ್‌ಲ್ಯೂಕಿನ್-15 ಎಂಬ ಸಿಗ್ನಲ್ ಬಿಡ್ತದೆ. ಅದರ ಅರ್ಥ ಸರಳ: "ಇನ್ನೂ ಸಾಯಬೇಡಿ, ಹೆಚ್ಚಾಗಿ." ಗೋಧಿ ತಿನ್ನುವಷ್ಟು ದಿನವೂ ಈ ಸಿಗ್ನಲ್ ಆನ್ ಇರ್ತದೆ.

ವರ್ಷಾನುಗಟ್ಟಲೆ ಹೀಗೆ ನಡೆದ್ರೆ ಬಹಳ ಕಡಿಮೆ ಜನರಲ್ಲಿ ಒಂದು ಟಿ-ಕಣ ದಾರಿ ತಪ್ತದೆ. ಜೆಎಕೆ1, ಸ್ಟ್ಯಾಟ್3 ಎಂಬ ಜೀನ್‌ಗಳಲ್ಲಿ ಬದಲಾವಣೆ ಆಗಿ, ಸಣ್ಣ ಸಿಗ್ನಲ್ಲಿಗೂ ದೊಡ್ಡದಾಗಿ ಬೆಳೆಯುವ ಗುಣ ಬರ್ತದೆ. ತನ್ನ ಮೈಮೇಲಿನ ಗುರುತಿನ ಚೀಟಿಯನ್ನೂ, ಅಂದ್ರೆ ಸಿಡಿ3, ಸಿಡಿ8 ಎಂಬ ಪ್ರೋಟೀನ್‌ಗಳನ್ನೂ ಕಳ್ಕೊಳ್ತದೆ. ಈ ಹಂತಕ್ಕೆ ಎರಡನೇ ವಿಧದ ರಿಫ್ರಾಕ್ಟರಿ ಸೀಲಿಯಾಕ್ ಅಂತಾರೆ. 12 ತಿಂಗಳು ಕಟ್ಟುನಿಟ್ಟಾಗಿ ಗೋಧಿ ಬಿಟ್ಟರೂ ಕರುಳು ಗುಣ ಆಗದಿದ್ರೆ ರಿಫ್ರಾಕ್ಟರಿ. ಅದರಲ್ಲಿ ಈ ಎರಡನೇ ವಿಧದವರಿಗೆ ಲಿಂಫೋಮಾ ಆಗುವ ಅಪಾಯ ಬಹಳ ಹೆಚ್ಚು, ಐದು ವರ್ಷದೊಳಗೆ ಮೂರರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ.

ಡಾಕ್ಟರುಗಳು ಇದನ್ನು ಕಂಡುಹಿಡಿಯುವ ವಿಧಾನ ನಮಗೆ ಸುಲಭವಾಗಿ ಅರ್ಥ ಆಗುವಂಥದ್ದು. ಪ್ರತಿ ಟಿ-ಕಣಕ್ಕೂ ಅದರ ರಿಸೆಪ್ಟರ್ ಜೀನ್ ಬೇರೆ ಬೇರೆ ರೀತಿ ಜೋಡಣೆ ಆಗಿರ್ತದೆ, ನಮ್ಮ ಯುಎಸ್‌ಎನ್ ಇದ್ದ ಹಾಗೆ. ಕರುಳಿನ ತುಂಡೊಂದನ್ನು ಪರೀಕ್ಷೆ ಮಾಡಿದಾಗ ನೂರಾರು ಬೇರೆ ಬೇರೆ ಯುಎಸ್‌ಎನ್ ಸಿಕ್ಕಿದ್ರೆ ಅದು ಉರಿಯೂತದ ಜನಜಂಗುಳಿ. ಹೆಚ್ಚಿನವಕ್ಕೆ ಒಂದೇ ಯುಎಸ್‌ಎನ್ ಇದ್ರೆ? ಒಬ್ಬನೇ ಇಡೀ ಕ್ಲಾಸಿಗೆ ಪ್ರಾಕ್ಸಿ ಹಾಕಿದ್ದಾನೆ ಅಂತ ಅರ್ಥ. ಒಂದೇ ಕಣದ ನಕಲುಗಳು. ಅದು ಕ್ಯಾನ್ಸರ್ ಕಡೆಯ ಹೆಜ್ಜೆ.

ಇದೇ ಪರೀಕ್ಷೆ ಹಿಂದೆ ಒಂದು ದೊಡ್ಡ ಗೊಂದಲವನ್ನೂ ಬಿಡಿಸಿತ್ತು. 1962ರಲ್ಲಿ ಬ್ರಿಟನ್ನಿನ ಗಫ್, ರೀಡ್, ನೈಶ್ ಎಂಬ ಡಾಕ್ಟರುಗಳು ಸೀಲಿಯಾಕ್ ಥರದ ಕಾಯಿಲೆ ಮೊದಲು, ಲಿಂಫೋಮಾ ಆಮೇಲೆ ಬರಬಹುದು ಅಂತ ಸೂಚಿಸಿದ್ದರು. 1978ರಲ್ಲಿ ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ ಇದು ಹಿಸ್ಟಿಯೋಸೈಟ್ ಎಂಬ ಬೇರೆ ಕಣದ ಕ್ಯಾನ್ಸರ್ ಅಂತ ಹೇಳಿದ್ರು. 1985ರಲ್ಲಿ ಐಸಾಕ್ಸನ್ ತಂಡವೇ ಜೀನ್ ಜೋಡಣೆ ನೋಡಿ, ಇದು ಟಿ-ಕಣದ್ದು ಅಂತ ಸಾಬೀತು ಮಾಡಿತು. ತಮ್ಮದೇ ಉತ್ತರವನ್ನು ತಾವೇ ತಿದ್ದಿದ್ರು.

ಈ ಲಿಂಫೋಮಾ ಹೆಚ್ಚಾಗಿ ಬರುವುದು 50-60 ವಯಸ್ಸು ದಾಟಿದವರಿಗೆ, ಸಣ್ಣ ಕರುಳಿನ ಜೆಜುನಮ್ ಭಾಗದಲ್ಲಿ. ಹೊಟ್ಟೆನೋವು, ತೂಕ ಇಳಿಯುವುದು, ಜ್ವರ, ರಾತ್ರಿ ಬೆವರು. ಎಷ್ಟೋ ಸಲ ಕರುಳು ತೂತಾಗಿಯೋ ಕಟ್ಟಿಕೊಂಡೋ ತುರ್ತು ಆಪರೇಷನ್ ಮಾಡಿದಾಗಲೇ ಗೊತ್ತಾಗ್ತದೆ. ಕೆಲವರಿಗೆ ತಮಗೆ ಸೀಲಿಯಾಕ್ ಇತ್ತು ಅನ್ನೋದೂ ಆವಾಗಲೇ ಗೊತ್ತಾಗುವುದು. ಚಿಕಿತ್ಸೆ ಉಂಟು: ಆಪರೇಷನ್, ಕಿಮೋಥೆರಪಿ, ತಡಕೊಳ್ಳುವ ಶಕ್ತಿ ಇದ್ದವರಿಗೆ ಅವರದ್ದೇ ಸ್ಟೆಮ್ ಸೆಲ್ ಕಸಿ. ಆದರೂ ಹಿಂದಿನ ವರದಿಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 20ಕ್ಕಿಂತ ಕಡಿಮೆ.

ಇಷ್ಟು ಓದಿ ಹೆದರಬೇಡಿ. ಸೀಲಿಯಾಕ್ ಸಾಮಾನ್ಯವಾಗಿರುವ ಯುರೋಪಿನಲ್ಲೇ ಇದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬರ ಆಸುಪಾಸು. ಸೀಲಿಯಾಕ್ ಇರುವ ಹೆಚ್ಚಿನವರಿಗೆ ಇದು ಬರುವುದೇ ಇಲ್ಲ. ಇನ್ನೊಂದು ಒಳ್ಳೆಯ ಸುದ್ದಿ ಉಂಟು. 1989ರಲ್ಲಿ ಬ್ರಿಟನ್ನಿನ ಹೋಮ್ಸ್ ಮತ್ತು ಸಂಗಡಿಗರು ಸೀಲಿಯಾಕ್ ಇದ್ದ 210 ಜನರ ಲೆಕ್ಕ ಪ್ರಕಟಿಸಿದ್ರು. ಐದು ವರ್ಷ ಅಥವಾ ಹೆಚ್ಚು ಕಾಲ ಕಟ್ಟುನಿಟ್ಟಾಗಿ ಗ್ಲುಟನ್ ಬಿಟ್ಟವರಲ್ಲಿ ಕ್ಯಾನ್ಸರಿನ ಅಪಾಯ ಉಳಿದ ಜನರಷ್ಟೇ ಇತ್ತು. ಪೂರ್ತಿ ಬಿಡದವರಲ್ಲಿ ಹೆಚ್ಚಿತ್ತು. ಅಂದ್ರೆ ಈ ದಾರಿಯಲ್ಲಿ ಕೊನೆಯ ತಿರುವು ಭಯಂಕರ, ಆದರೆ ಅದಕ್ಕಿಂತ ಮೊದಲಿನ ತಿರುವುಗಳಲ್ಲೇ ಗಾಡಿ ನಿಲ್ಲಿಸಬಹುದು. ನಿಲ್ಲಿಸಬೇಕಾದ್ರೆ ಮೊದಲು ಸೀಲಿಯಾಕ್ ಉಂಟು ಅಂತ ಗೊತ್ತಾಗಬೇಕು. ನಮ್ಮ ಊರಿನ ಸಮಸ್ಯೆ ಇರುವುದು ಅಲ್ಲಿ.

ಜೀನ್ ಅದೇ, ತಟ್ಟೆ ಬೇರೆ

2016ರಲ್ಲಿ ರಾಮಕೃಷ್ಣ ಮತ್ತು ಸಂಗಡಿಗರು ದೇಶದ ಮೂರು ಭಾಗಗಳಲ್ಲಿ 23,331 ವಯಸ್ಕರ ರಕ್ತ ಪರೀಕ್ಷೆ ಮಾಡಿದ ಅಧ್ಯಯನ ಬಂತು. ಸೀಲಿಯಾಕ್ ಇದ್ದವರು ಉತ್ತರದಲ್ಲಿ ಸಾವಿರಕ್ಕೆ 8.53, ಈಶಾನ್ಯದಲ್ಲಿ 4.66, ದಕ್ಷಿಣದಲ್ಲಿ ಬರೀ 0.11. ಹಾಗಾದ್ರೆ ದಕ್ಷಿಣದವರಿಗೆ ಆ ಜೀನ್ ಇಲ್ವಾ? ಉಂಟು! ಡಿಕ್ಯೂ2 ಅಥವಾ ಡಿಕ್ಯೂ8 ಇರುವವರು ಉತ್ತರದಲ್ಲಿ 38.1%, ದಕ್ಷಿಣದಲ್ಲಿ 36.4%. ಹೆಚ್ಚು ಕಡಿಮೆ ಸಮ. ದೊಡ್ಡ ವ್ಯತ್ಯಾಸ ತಟ್ಟೆಯಲ್ಲಿ: ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಈಗ ನಮ್ಮ ತಾಲೂಕುಗಳ ಅಡಿಗೆ ನೆನಪು ಮಾಡ್ಕೊಳ್ಳಿ. ನೀರುದೋಸೆ, ಪುಂಡಿ, ಒತ್ತುಶ್ಯಾವಿಗೆ, ಪತ್ರೊಡೆ, ಮೂಡೆ, ಕೋರಿರೊಟ್ಟಿ, ಗಂಜಿ, ಎಲ್ಲ ಅಕ್ಕಿ. ಕುಕ್ಕೆಯ ಅನ್ನಪ್ರಸಾದವೂ ಅನ್ನವೇ. ಗ್ಲುಟನ್ ಎಂಬ ಹೆಸರು ಕೇಳುವ ಎಷ್ಟೋ ಕಾಲ ಮೊದಲೇ ನಮ್ಮ ಅಜ್ಜಿಯಂದಿರು ಗ್ಲುಟನ್ ಇಲ್ಲದ ಅಡಿಗೆ ಮಾಡ್ತಿದ್ರು. ಇದು ನಮ್ಮ ಅದೃಷ್ಟ.

ಅದೇ ಅದೃಷ್ಟ ಕಾಯಿಲೆಯನ್ನು ಮರೆಮಾಡ್ತದೆ ಕೂಡ. ಗೋಧಿ ಕಡಿಮೆ ತಿನ್ನುವಾಗ ಲಕ್ಷಣ ಮಂಕಾಗಿ ಇರಬಹುದು. ಊರಲ್ಲಿ ಅಪರೂಪವಾದ್ದರಿಂದ ಯಾರ ತಲೆಗೂ ಬೇಗ ಹೊಳೆಯುವುದಿಲ್ಲ. ನನ್ನ ಸಂಬಂಧಿಕರೊಬ್ಬರು ರಕ್ತಹೀನತೆ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ತಿಂದವರು. ಶುಗರ್ ಬಂದ ಮೇಲೆ ರಾತ್ರಿ ಅನ್ನ ಬಿಟ್ಟು ಚಪಾತಿ ಶುರು ಮಾಡಿದ್ರು, ಹೊಟ್ಟೆ ಪೂರ್ತಿ ಹಾಳಾಯ್ತು. ಆಮೇಲೆಯೇ ಯಾರೋ ಒಬ್ಬ ಡಾಕ್ಟರ್ ಸರಿಯಾದ ಟೆಸ್ಟ್ ಬರೆದುಕೊಟ್ಟದ್ದು. ಈಗ ಚೆನ್ನಾಗಿದ್ದಾರೆ.

ನಮ್ಮ ತಲೆಮಾರಿನ ತಟ್ಟೆಯೂ ಬದಲಾಗಿದೆ. ಹಾಸ್ಟೆಲಲ್ಲಿ ರಾತ್ರಿ ಚಪಾತಿ, ಬೆಳಿಗ್ಗೆ ಬನ್ಸ್ ಅಥವಾ ಸಜ್ಜಿಗೆ, ಸಂಜೆ ಗೋಳಿಬಜೆ, ಹೊರಗೆ ಹೋದ್ರೆ ಪರೋಟ, ಗೋಬಿ ಮಂಚೂರಿ. ಎಲ್ಲದರಲ್ಲೂ ಮೈದಾ ಅಥವಾ ರವೆ. ಅಜ್ಜಿ ತಿಂಗಳಲ್ಲಿ ತಿಂದಷ್ಟು ಗೋಧಿ ನಾವು ಕೆಲವೇ ದಿನದಲ್ಲಿ ತಿನ್ತೇವೆ. ಜೀನ್ ಮಾತ್ರ ಅಜ್ಜಿಯದ್ದೇ.

ಹಾಗಾದ್ರೆ ಎಲ್ಲರೂ ಟೆಸ್ಟ್ ಮಾಡಿಸಬೇಕಾ?

ಬೇಡ. ಯಾಕೆ ಅಂತ ಬೇಯ್ಸ್ ಥಿಯರಂ ಹೇಳ್ತದೆ.

ಮೊದಲ ಟೆಸ್ಟ್ ರಕ್ತದ್ದು, ಹೆಸರು ಟಿಟಿಜಿ-ಐಜಿಎ. ಲೆಕ್ಕಕ್ಕೆ ಬೇಕಾಗಿ ಸೆನ್ಸಿಟಿವಿಟಿ 95%, ಸ್ಪೆಸಿಫಿಸಿಟಿ 98% ಅಂತ ಇಟ್ಟುಕೊಳ್ಳೋಣ. 10,000 ಜನರಲ್ಲಿ ಒಬ್ಬರಿಗೆ ರೋಗ ಇರುವ ಊರಲ್ಲಿ ಎಲ್ಲರಿಗೂ ಟೆಸ್ಟ್ ಮಾಡಿದ್ರೆ ಆ ಒಬ್ಬರು ಪಾಸಿಟಿವ್ ಬರ್ತಾರೆ. ಉಳಿದ 9,999 ಜನರಲ್ಲಿ 2%, ಅಂದ್ರೆ ಸುಮಾರು 200 ಜನ ಸುಮ್ಮನೆ ಪಾಸಿಟಿವ್. 201 ಜನರನ್ನು ಹೆದರಿಸಿ ಒಬ್ಬರನ್ನು ಹಿಡಿದ ಹಾಗಾಯ್ತು.

ಅದೇ ಟೆಸ್ಟನ್ನು ಲಕ್ಷಣ ಇರುವ 1,000 ಜನರಿಗೆ ಮಾಡೋಣ. ಅವರಲ್ಲಿ 5% ಜನರಿಗೆ ರೋಗ ಉಂಟು ಅಂತ ಊಹಿಸಿ. 50 ರೋಗಿಗಳಲ್ಲಿ ಸುಮಾರು 48 ಪಾಸಿಟಿವ್, ಉಳಿದ 950ರಲ್ಲಿ 19 ತಪ್ಪು ಪಾಸಿಟಿವ್. 67ರಲ್ಲಿ 48 ನಿಜ, ಸುಮಾರು 72%. ಟೆಸ್ಟ್ ಅದೇ, ಕೇಳಿದ ಪ್ರಶ್ನೆ ಬೇರೆ. ಯಾರಿಗೆ ಮಾಡಬೇಕು ಅನ್ನೋದೇ ಮುಖ್ಯ:

- ಕಾರಣ ಗೊತ್ತಾಗದೆ, ಮಾತ್ರೆಗೂ ಬಗ್ಗದ ರಕ್ತಹೀನತೆ ಇರುವವರು
- ವಾರಗಟ್ಟಲೆ ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿಕೆ ಇರುವವರು
- ಟೈಪ್ 1 ಡಯಾಬಿಟಿಸ್ ಇರುವವರು
- ಅಪ್ಪ, ಅಮ್ಮ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಸೀಲಿಯಾಕ್ ಇರುವವರು

ರಕ್ತ ಪರೀಕ್ಷೆ ಪಾಸಿಟಿವ್ ಬಂದ್ರೆ ವಯಸ್ಕರಿಗೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚಿಕ್ಕ ತುಂಡು ತೆಗೆದು ನೋಡ್ತಾರೆ. ಅದನ್ನು ಓದುವುದೂ ಸುಲಭ ಅಲ್ಲ, ಯಾಕಂದ್ರೆ ನಮ್ಮ ದೇಶದಲ್ಲಿ ವಿಲ್ಲೈ ಸವೆಯಲು ಟ್ರಾಪಿಕಲ್ ಸ್ಪ್ರೂ, ಜಿಯಾರ್ಡಿಯಾ ಥರದ ಬೇರೆ ಕಾರಣಗಳೂ ಉಂಟು. ಕರುಳಿನ ಕ್ಷಯವೂ ಇದೇ ಲಕ್ಷಣಗಳಲ್ಲಿ ಬರಬಹುದು. ಏಷ್ಯಾದಲ್ಲಿ ಹೆಚ್ಚು ಕಾಣುವ ಎಂಇಐಟಿಎಲ್ ಎಂಬ ಇನ್ನೊಂದು ಕರುಳಿನ ಟಿ-ಸೆಲ್ ಲಿಂಫೋಮಾಕ್ಕೆ ಸೀಲಿಯಾಕ್ ಜೊತೆ ಸಂಬಂಧವೇ ಇಲ್ಲ. ಹಿಂದೆ ಅದನ್ನು ಇಎಟಿಎಲ್‌ನ ಎರಡನೇ ವಿಧ ಅಂತಿದ್ರು, ಈಗ ಬೇರೆ ಮಾಡಿದ್ದಾರೆ. ಹಾಗಾಗಿ ಗೂಗಲ್ ನೋಡಿ ತೀರ್ಮಾನ ಮಾಡುವ ವಿಷಯ ಇದಲ್ಲ, ಗ್ಯಾಸ್ಟ್ರೋಎಂಟರಾಲಜಿಸ್ಟ್ ಬೇಕೇ ಬೇಕು.

ಒಂದು ಮಾತು ಅಂಡರ್‌ಲೈನ್ ಮಾಡ್ಕೊಳ್ಳಿ: ಟೆಸ್ಟ್‌ಗೆ ಮೊದಲು ಗೋಧಿ ಬಿಡಬೇಡಿ. ಬಿಟ್ಟರೆ ಆಂಟಿಬಾಡಿ ಇಳಿದು, ಕರುಳೂ ಸ್ವಲ್ಪ ಸುಧಾರಿಸಿ ರಿಪೋರ್ಟ್ ನಾರ್ಮಲ್ ಬರಬಹುದು. ಗಂಜಿ ಕುಡಿದು ಆರಾಮಾಗಿ ಇದ್ದಾಗ ಟೆಸ್ಟ್ ಮಾಡಿಸಿದ್ರೆ, ಎರರ್ ಬರುವ ಕೋಡನ್ನು ಕಮೆಂಟ್ ಮಾಡಿ ಪ್ರೋಗ್ರಾಂ ಸರಿ ಉಂಟು ಅಂದ ಹಾಗೆ.

"ಒಂದು ಸಣ್ಣ ತುಂಡು ತಿಂದ್ರೆ ಎಂತ ಆಗ್ತದೆ?"

ಸೀಲಿಯಾಕ್ ಇದ್ದವರಿಗೆ ಮದುವೆ ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಉತ್ತರ ಲೆಕ್ಕದಲ್ಲೇ ಉಂಟು. 2007ರಲ್ಲಿ ಇಟಲಿಯ ಕಟಾಸ್ಸಿ ತಂಡ, ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ 90 ದಿನ ಕೊಟ್ಟರೆ ಕರುಳು ಹಾಳಾಗಲು ಶುರುವಾಗ್ತದೆ ಅಂತ ತೋರಿಸಿತು. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಗ್ಲುಟನ್ ಅಂದಾಜು 2,500 ಮಿಲಿಗ್ರಾಂ. ಅಂದ್ರೆ ದಿನಾ ಒಂದು ಚಪಾತಿಯ ಐವತ್ತನೇ ಒಂದು ಭಾಗ ಸಾಕು. "ಸಣ್ಣ ತುಂಡು" ಅಂತ ನಾವು ಹೇಳುವುದು ಅದಕ್ಕಿಂತ ಎಷ್ಟೋ ದೊಡ್ಡದು.

ನಮ್ಮ ಊರಿನ ಅಡಿಗೆಯಲ್ಲಿ ಗೋಧಿ ಅಡಗಿ ಕೂರುವ ಜಾಗಗಳೂ ಉಂಟು. ಅಂಗಡಿಯ ಡಬ್ಬಿ ಇಂಗಿನಲ್ಲಿ ಹೆಚ್ಚಾಗಿ ಮೈದಾ ಅಥವಾ ಗೋಧಿ ಹಿಟ್ಟು ಸೇರಿರ್ತದೆ, ಅದು ಸಾರಿಗೆ ಹೋಗ್ತದೆ. ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸ್‌ನಲ್ಲಿ ಗೋಧಿ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ. ಗೋಳಿಬಜೆ ಕರಿದ ಎಣ್ಣೆಯಲ್ಲೇ ಹಲಸಿನ ಹಪ್ಪಳ ಕರಿದ್ರೆ ಹಪ್ಪಳವೂ ಹೋಯ್ತು. ಪ್ಯಾಕೆಟ್ ಆಹಾರ ಆದ್ರೆ ಎಫ್‌ಎಸ್‌ಎಸ್‌ಎಐ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇಲ್ಲದಿದ್ರೆ ಮಾತ್ರ ಗ್ಲುಟನ್ ಫ್ರೀ ಅಂತ ಬರೆಯಬಹುದು. ಲೇಬಲ್ ಓದಿ.

ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ, ಬೇಳೆ, ಮೀನು, ಮೊಟ್ಟೆ, ತೆಂಗು, ಹಲಸು, ಎಲ್ಲ ತಿನ್ನಬಹುದು. ದೆಹಲಿಯಲ್ಲಿ ಸೀಲಿಯಾಕ್ ಇರುವವನಿಗೆ ದಿನಾ ಊಟ ಹುಡುಕುವುದೇ ಪ್ರಾಜೆಕ್ಟ್. ಸುಳ್ಯದಲ್ಲಿ ಅವನಿಗೆ ಅಡಿಗೆ ಮನೆಯ ಮುಕ್ಕಾಲು ಭಾಗ ತೆರೆದೇ ಉಂಟು. ಆದರೆ ಕಾಯಿಲೆ ಇಲ್ಲದವರು ಫ್ಯಾಷನ್‌ಗೆ ಗ್ಲುಟನ್ ಬಿಡುವ ಅಗತ್ಯ ಇಲ್ಲ.

ಈಗಾಗಲೇ ಸೀಲಿಯಾಕ್ ಗೊತ್ತಿರುವವರು ಒಂದನ್ನು ಮರೆಯಬಾರದು. ಪಥ್ಯದಲ್ಲಿ ಆರಾಮಾಗಿದ್ದವರಿಗೆ ಪುನಃ ತೂಕ ಇಳಿಯಲು, ಹೊಟ್ಟೆ ನೋಯಲು, ಜ್ವರ ಬರಲು ಶುರುವಾದ್ರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಹೆಚ್ಚಿನ ಸಲ ಕಾರಣ ಎಲ್ಲೋ ಅಡಗಿದ ಗೋಧಿಯೇ ಆಗಿರ್ತದೆ. ಅಪರೂಪಕ್ಕೆ ಅಲ್ಲದಿರಬಹುದು, ಆಗ ಸ್ಕ್ಯಾನ್, ಕ್ಯಾಪ್ಸೂಲ್ ಎಂಡೋಸ್ಕೋಪಿ, ಬಯಾಪ್ಸಿ ಬೇಕಾಗ್ತದೆ.

ಕೊನೆಗೆ ನಮ್ಮ ಕಾಲೇಜಿನ ಮಟ್ಟಿಗೆ ಒಂದು ಸಣ್ಣ ಕೋರಿಕೆ. ಕ್ಯಾಂಟೀನ್ ಮತ್ತು ಮೆಸ್‌ನ ಬೋರ್ಡಿನಲ್ಲಿ ಗೋಧಿ, ಮೈದಾ, ರವೆ ಇರುವ ತಿಂಡಿಯ ಹೆಸರಿನ ಎದುರು ಒಂದು ಕೆಂಪು ಚುಕ್ಕಿ ಇಡಬಹುದಾ? ಬೇಕಾದ್ದು ಒಂದು ಮಾರ್ಕರ್ ಪೆನ್ನು. ಉತ್ತರದಿಂದ ಬಂದ ಯಾವುದೋ ಜೂನಿಯರ್‌ಗೆ ಸೀಲಿಯಾಕ್ ಇದ್ದು, ನಾಚಿಕೆಯಿಂದ ಹೇಳದೆ ಇರಬಹುದು. ನಮ್ಮ ಕಡಬದವನಿಗೇ ಇದ್ದು, ಅವನಿಗೆ ಇನ್ನೂ ಗೊತ್ತಿಲ್ಲದೆ ಇರಬಹುದು. ಮೊದಲನೆಯವನಿಗೆ ಚುಕ್ಕಿ ಸಹಾಯ ಮಾಡ್ತದೆ. ಎರಡನೆಯವನು "ಇದೆಂತ ಚುಕ್ಕಿ?" ಅಂತ ಕೇಳಿದ್ರೆ ಈ ಲೇಖನದ ಲಿಂಕ್ ಕಳಿಸಿ.